ಎರವಲು ಬಾಯಿ

ಸಂಜೆ ಐದಾಯಿತೆಂದರೆ ನಾರ್ಸಿಸಾ ಊರಿನ ಕಚೇರಿಯಲ್ಲಿ ಕೂತು ರೇಡಿಯೋದ ಗುಂಡಿ ಒತ್ತಿ ಇಡೀ ಪರ್ವತದ ಹಾಜರಿ ಕರೆಯುತ್ತಿದ್ದಳು. "ಒಂದು?" ಎನ್ನುವಳು. "ಒಂದು. ಹೊಸದೇನಿಲ್ಲ," ಎಂದು ಆಲೂಗಡ್ಡೆ ಹೊಲದ ಕಡೆಯಿಂದ ಒಂದು ದನಿ. "ಎರಡು?" "ಎರಡು. ಹೊಸದೇನಿಲ್ಲ." ಹೀಗೆ ಎಂಟರವರೆಗೆ. ಜ್ವಾಲಾಮುಖಿಯ ಸುತ್ತ ಎಂಟು ಕಾವಲು ಠಾಣೆಗಳು. ಠಾಣೆ ಎಂದರೆ ಏನೋ ಭಾರೀ ಕಟ್ಟಡ ಅಂದುಕೊಳ್ಳಬೇಡಿ. ತಗಡಿನ ಗುಡಿಸಲು, ಅದರೊಳಗೆ ಒಂದು ರೇಡಿಯೋ, ಅದರ ಮುಂದೆ ಸಂಬಳವಿಲ್ಲದ ಒಬ್ಬ ರೈತ, ಅಷ್ಟೇ. ಎಲ್ಲರೂ ಮಾಮಾ, ಅಂದರೆ ಅಮ್ಮ, ಎಂದು ಕರೆಯುವ ಆ ಪರ್ವತ ಬೆಂಕಿ ಉಗುಳಿ ವರ್ಷಗಳಾಗಿದ್ದವು. ಆದರೆ ಉಗುಳಿದ ಬೂದಿ ಇನ್ನೂ ಅವಳ ಹೆಗಲ ಮೇಲೆಯೇ ಕೂತಿತ್ತು. ಮೇಲೆ ಜೋರು ಮಳೆ ಬಿದ್ದರೆ ಬೂದಿ, ಬಂಡೆ, ಮರ ಎಲ್ಲ ಕಲಸಿಕೊಂಡು ಕೆಸರಾಗಿ ಕಣಿವೆ ಹಿಡಿದು ಇಳಿಯುತ್ತದೆ. ನೀರಿನಲ್ಲಾದರೆ ಈಜಿ ಪಾರಾಗಬಹುದು. ಆ ಕೆಸರಿನಲ್ಲಿ ಈಜಿದವರನ್ನು ಊರಲ್ಲಿ ಯಾರೂ ಕಂಡಿಲ್ಲ.

ಎಂಟನೇ ಠಾಣೆ ನಾರ್ಸಿಸಾಳ ಅಪ್ಪ ಅಬ್ಸಲೋನ್ ಅವರದು. ಎಪ್ಪತ್ತು ದಾಟಿದ ಮನುಷ್ಯ; ಆಸ್ತಿಯೆಂದರೆ ಎರಡು ಹಸು, ಬೇಕಾದಷ್ಟು ಹಠ. ಚೊಂತಾ ಕಣಿವೆಯ ನೆತ್ತಿಯಲ್ಲಿ, ಹೊಳೆಯ ದಂಡೆಗೇ ಅವರ ಗುಡಿಸಲು. ಆ ಕಣಿವೆಗೆ ಕಾವಲು ಅವರೊಬ್ಬರೇ. ಕಣಿವೆಯ ಬುಡದಲ್ಲಿ ಊರಿನ ಬಿಸಿನೀರಿನ ಕೊಳಗಳಿದ್ದವು. ವಾರದ ಕೊನೆ ಬಂದರೆ ಅಲ್ಲಿ ಮಕ್ಕಳುಮರಿ ಸಮೇತ ಜನ ಕಾಲಿಡಲು ಜಾಗವಿಲ್ಲದಷ್ಟು ತುಂಬುತ್ತಿದ್ದರು. ಅಪ್ಪನಿಗೆ ರೇಡಿಯೋದ ಗುಂಡಿ ಒತ್ತಿದ ಕೂಡಲೇ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ. ಮೊದಲು ಒಂದು ಕೆಮ್ಮು, ಆಮೇಲೆ "ಎಂಟು. ಹೊಸದೇನಿಲ್ಲ." ಆ ಕೆಮ್ಮು ಕಿವಿಗೆ ಬಿದ್ದ ಮೇಲೆಯೇ ನಾರ್ಸಿಸಾ ಕುರ್ಚಿ ಬಿಟ್ಟು ಕಾಫಿಗೆ ಏಳುತ್ತಿದ್ದಳು.

ಕೆಲವು ಸಂಜೆ ಕೆಮ್ಮಿಲ್ಲದೆ ನೇರ ಮಾತು ಬರುತ್ತಿತ್ತು. ಅದು ಪಕ್ಕದ ಗುಡ್ಡದ ಐದನೇ ಠಾಣೆಯ ಕ್ಲೇವರ್ ಎಂದು ಅವಳಿಗೆ ಗೊತ್ತು. ಯಾವುದೇ ಠಾಣೆ ಕರೆಗೆ ಓಗೊಡದಿದ್ದರೆ ಕಚೇರಿಯಿಂದ ಜೀಪು ಹತ್ತಿ ಯಾರಾದರೂ ಬಂದು ಬೈದು ಹೋಗಬೇಕೆಂಬ ನಿಯಮವಿತ್ತು. ಆದರೆ ಹಾಲು ಕರೆಯುವವನು ಕೆಚ್ಚಲು ಬಿಟ್ಟು ರೇಡಿಯೋಗೆ ಓಡಿ ಬರಲಾದೀತೇ? ವಾಲಿಬಾಲ್ ಆಟ ಅರ್ಧಕ್ಕೆ ನಿಲ್ಲಿಸಲಾದೀತೇ? ಹಾಗಾಗಿ ಪಕ್ಕದ ಗುಡ್ಡದವನು ಅವನ ಬದಲಿಗೆ ಹೊಸದೇನಿಲ್ಲ ಎಂದುಬಿಡುತ್ತಿದ್ದ. ಗುಡ್ಡದವರು ಇದಕ್ಕೆ ಎರವಲು ಬಾಯಿ ಎನ್ನುತ್ತಿದ್ದರು. ಕ್ಲೇವರ್ ಅಬ್ಸಲೋನರ ಆಪ್ತ, ನಾರ್ಸಿಸಾಳ ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿಕೊಂಡು ನಿಂತವನು. ಅಬ್ಸಲೋನರ ಎಳೆದು ಮಾತಾಡುವ ರೀತಿಯನ್ನು ತದ್ವತ್ ಅನುಕರಿಸುತ್ತಿದ್ದ, ಕೆಮ್ಮೊಂದನ್ನು ಬಿಟ್ಟು. ಅದ್ಯಾಕೆ ಬಿಟ್ಟಿರಿ ಎಂದು ಅವಳು ಒಮ್ಮೆ ಕಿಚಾಯಿಸಿದ್ದಕ್ಕೆ, "ಕೆಮ್ಮನ್ನೂ ನಾನೇ ಎರವಲು ತಗೊಂಡ್ರೆ ನಿಮ್ಮಪ್ಪಂಗೆ ಅಂತ ಏನು ಉಳಿಯುತ್ತಮ್ಮ?" ಎಂದಿದ್ದ. ಅವಳು ನಕ್ಕಿದ್ದಳು. ಯಾರೂ ಹಾಳಾಗದ ಸುಳ್ಳು ಅದು, ಆಗ.

ಆಮೇಲೆ ರಾಜಧಾನಿಗೆ ಜ್ಞಾನೋದಯವಾಯಿತು. ರೈತರ ಬಾಯಿಯನ್ನು ನಂಬಿ ಎಷ್ಟು ದಿನ ಕೂರುವುದು, ಪ್ರತಿ ಠಾಣೆಯಲ್ಲೂ ಹೊಳೆಯ ಮಟ್ಟ ಅಳೆಯುವ ಯಂತ್ರ ಹಾಕೋಣ, ರೇಡಿಯೋ ನಿಲ್ಲಿಸೋಣ ಎಂದು ತೀರ್ಮಾನವಾಯಿತು. ನಾರ್ಸಿಸಾಳ ಕೆಲಸ ಹೋಗಲಿಲ್ಲ. ಯಂತ್ರಗಳನ್ನು ಪರೀಕ್ಷಿಸುವುದನ್ನು ಕಲಿಯಿರಿ ಎಂದರು. ಕಲಿಸಲು ರಾಜಧಾನಿ ಕೀಟೋದಿಂದ ಪಾತ್ರಿಸಿಯೊ ಎಂಬ ಹುಡುಗನಂಥ ಇಂಜಿನಿಯರ್ ಬಂದ. ಬೆಟ್ಟದ ಚಳಿಗೆ ಮೂಗು ಸುರಿಸುತ್ತ, ಅವಳು ಕೊಟ್ಟ ಬಿಸಿ ಬೆಲ್ಲದ ನೀರು ಕುಡಿಯುತ್ತ, ಪಾಪ, ತಾಳ್ಮೆಯಿಂದಲೇ ಕಲಿಸಿದ.

ಎಪಿಐ ಎಂಬ ಮಾತು ಕೇಳಿದೊಡನೆ ಇದು ತನ್ನಿಂದಾಗದು ಎಂದಳು. ಅವನು ಅವಳ ರೇಡಿಯೋವನ್ನೇ ತೋರಿಸಿದ.

"ನೀವು ದಿನಾ ಮಾಡೋದೇ ಇದು ನಾರ್ಸಿಸಕ್ಕ. ಸರಿಯಾದ ಹೆಸರು ಹಿಡಿದು ಕರೀತೀರಿ, ಗೊತ್ತಾದ ಪ್ರಶ್ನೆ ಕೇಳ್ತೀರಿ, ಗೊತ್ತಾದ ರೀತೀಲಿ ಉತ್ತರ ಬರುತ್ತೆ. ಎರಡು ಯಂತ್ರಗಳು ಮಾತಾಡ್ಕೊಳ್ಳೋಕೆ ಮಾಡ್ಕೊಂಡಿರೋ ಆ ಒಪ್ಪಂದಾನೇ ಎಪಿಐ. ಅದು ಒಪ್ಪಂದದ ಹಾಗೆ ನಡ್ಕೊಳ್ಳುತ್ತಾ ಅಂತ ಕೆಣಕಿ ನೋಡೋದು ನಮ್ಮ ಕೆಲಸ."

ಕರೆಯಲು ಪೋಸ್ಟ್‌ಮನ್ ಎಂಬ ತಂತ್ರಾಂಶವಿತ್ತು. ಉತ್ತರ ಕೈಗೆ ಬರುವ ತನಕ ಬಾಗಿಲಲ್ಲೇ ನಿಲ್ಲುವ ಅಂಚೆಯವನನ್ನು ನಾನು ಇದೇ ಮೊದಲು ನೋಡುತ್ತಿರುವುದು ಎಂದು ಅವಳು ತಮಾಷೆ ಮಾಡಿದಳು. ಉತ್ತರದ ತಲೆಯ ಮೇಲೆ ಒಂದು ಸಂಖ್ಯೆ ಇರುತ್ತಿತ್ತು. ಇನ್ನೂರು ಎಂದರೆ ಎಲ್ಲ ಸರಿ. ನಾನೂರ ನಾಲ್ಕು ಎಂದರೆ ಅಂಥ ಮನೆಯೇ ಇಲ್ಲ. ಐನೂರು ಎಂದರೆ ಮನೆ ಇದೆ, ಒಳಗೇನೋ ಕುಸಿದಿದೆ. ಉತ್ತರ ಬೇಗ ಬಂತೇ, ಅದರಲ್ಲಿ ಹೊಳೆಯ ಮಟ್ಟ ಇದೆಯೇ, ಮಟ್ಟ ಅಪಾಯದ ಗೆರೆಯ ಕೆಳಗಿದೆಯೇ ಎಂದು ಒಂದೊಂದಾಗಿ ನೋಡಿ, ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು ತೋರಿಸುವ ಪರೀಕ್ಷೆಗಳನ್ನು ಅವಳು ತಾನೇ ಬರೆದಳು. ಪರದೆ ಹಸಿರಾದಾಗ ಅವಳಿಗಾಗುತ್ತಿದ್ದ ಖುಷಿ ಅಷ್ಟಿಷ್ಟಲ್ಲ.

ಎಂಟನೇ ಠಾಣೆಯ ಯಂತ್ರ ಮಾತ್ರ ಇನ್ನೂ ಬಂದಿರಲಿಲ್ಲ. ಅದಕ್ಕೇನು, ಎಂದ ಪಾತ್ರಿಸಿಯೊ. ಎದುರಿನವರು ಸಿದ್ಧವಿಲ್ಲದಾಗ ಪರೀಕ್ಷಕರು ಅವರ ಜಾಗದಲ್ಲಿ ಒಂದು ನಕಲಿಯನ್ನು ಕೂರಿಸುತ್ತಾರೆ, ಯಾರು ಕರೆದರೂ ಅದು ನಾವು ಹೇಳಿಕೊಟ್ಟ ಉತ್ತರವನ್ನೇ ಒಪ್ಪಿಸುತ್ತದೆ. ನಾರ್ಸಿಸಾ ನಕ್ಕುಬಿಟ್ಟಳು. ಎರವಲು ಬಾಯಿ! ಇಷ್ಟಕ್ಕೆ ಕೀಟೋದಿಂದ ಬರಬೇಕಿತ್ತೇ? ನಕಲಿಗೆ ಹೊಳೆಯ ಮಟ್ಟ ಎಷ್ಟೆಂದು ಹೇಳಿಕೊಡಲಿ ಎಂದಾಗ, ಯಾವುದೋ ಒಂದು ಬರೆಯಿರಿ ಎಂದ. ಬರೆದಳು. ಅಸಲಿಯೋ ನಕಲಿಯೋ ಎಂದು ತಿಳಿಯುವುದು ಹೇಗೆ ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಅವಳಿಗೆ ಬಹಳ ಹಿಡಿಸಿತ್ತು.

"ಹೇಳಿಕೊಟ್ಟಿರದೇ ಇರೋದನ್ನ ಕೇಳಿ. ನಕಲಿ ಅಲ್ಲೇ ಸಿಕ್ಕಿಬೀಳುತ್ತೆ."

ಆಮೇಲೆ ಅಸಲಿ ಯಂತ್ರ ಬಂತು. ಹೇಸರಗತ್ತೆಯ ಮೇಲೆ ಹೊತ್ತು ಸಾಗಿಸಿ ಅಪ್ಪನ ಗುಡಿಸಲ ಪಕ್ಕ ನೆಟ್ಟು ಬಂದರು. ಇನ್ನು ಎಂಟರ ವಿಳಾಸವನ್ನು ನಕಲಿಯಿಂದ ಅಸಲಿಗೆ ಬದಲಿಸಬೇಕಿತ್ತು. ಒಂದು ಸಾಲಿನ ಕೆಲಸ. ಪಾತ್ರಿಸಿಯೊ ಬದಲಿಸಿರುತ್ತಾನೆ ಎಂದು ನಾರ್ಸಿಸಾ ಅಂದುಕೊಂಡಳು. ನಕಲಿ ಮಾಡಿದ್ದು ಅವಳು, ಅವಳೇ ತೆಗೆದಿರುತ್ತಾಳೆ ಎಂದು ಅವನು ಅಂದುಕೊಂಡ. ಪರೀಕ್ಷೆಗಳು ದಿನವೂ ಹಸಿರಾಗುತ್ತಿದ್ದವು. ಹಸಿರಾಗಿರುವುದನ್ನು ಮುಟ್ಟಿ ನೋಡುವ ಚಾಳಿ ಯಾರಿಗಿರುತ್ತದೆ? ಕೊಳಗಳ ಸೈರನ್ನಿಗೆ ಸುದ್ದಿ ಮುಟ್ಟಿಸುವ ಫಲಕವೂ ಅದೇ ವಿಳಾಸದಿಂದ ಓದತೊಡಗಿತು. ಸೋಮವಾರದಿಂದ ರೇಡಿಯೋ ನಿಲ್ಲುವುದಿತ್ತು. ಅಲ್ಲಿಯವರೆಗೆ ಯಂತ್ರ ಮತ್ತು ರೇಡಿಯೋ ಎರಡೂ ಅಪಾಯ ಎಂದರೆ ಮಾತ್ರ ಸೈರನ್ ಒತ್ತಬೇಕು ಎಂಬ ಆದೇಶವಿತ್ತು. ಹಿಂದೊಮ್ಮೆ ಸುಳ್ಳು ಸೈರನ್ ಕೂಗಿ, ಓಡುವ ಜನರ ಕಾಲ್ತುಳಿತದಲ್ಲಿ ಒಬ್ಬ ಮುದುಕಿಯ ಸೊಂಟ ಮುರಿದಿತ್ತು.

ಶನಿವಾರ ಬೆಳಿಗ್ಗೆ ಅಪ್ಪ ಮೊಬೈಲಿನಿಂದ ಮಾತಾಡಿದ್ದರು, ಸಿಗ್ನಲ್ ಸಿಗುವ ಆ ಒಂದೇ ಬಂಡೆಯ ಮೇಲೆ ನಿಂತುಕೊಂಡು. ಹಸು ಈದಿದೆ, ಹೆಣ್ಣು ಕರು ಎಂದರು. ಹೆಸರು ಎರ್ಮಿನಿಯಾ ಅಂತೆ. ಎರ್ಮಿನಿಯಾ ನಾರ್ಸಿಸಾಳ ತೀರಿಹೋದ ಅಮ್ಮ.

"ಒದೀತಾಳೆ ಕಣೇ, ಅದಕ್ಕೇ ಇಟ್ಟೆ," ಎಂದು ಮುದುಕರು ಕಿಸಕ್ಕನೆ ನಕ್ಕರು. "ಯಾರಿಗೂ ಹೇಳ್ಬೇಡ. ಕ್ಲೇವರ್‌ಗೂ ಹೇಳಿಲ್ಲ. ಹೆಂಡ್ತಿ ಹೆಸರು ಹಸುಗಿಟ್ಟ ಅಂತ ಪಾದ್ರಿ ಕೈಲಿ ಬೈಸ್ತಾನೆ."

ಪಾತ್ರಿಸಿಯೊ ವಾರದ ರಜೆಗೆ ಕೀಟೋಗೆ ಹೋಗಿದ್ದ. ಕಚೇರಿಯಲ್ಲಿ ನಾರ್ಸಿಸಾ ಒಬ್ಬಳೇ. ಮಧ್ಯಾಹ್ನದ ಹೊತ್ತಿಗೆ ಮಂಜು ಇಳಿದು ಮಾಮಾಳ ಸೊಂಟದಿಂದ ಮೇಲೆ ಏನೂ ಕಾಣದಾಯಿತು. ಊರಿನಲ್ಲಿ ಹನಿ ಮಳೆ. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮಳೆಯಲ್ಲಿ ಬಿಸಿನೀರಿನ ಕೊಳದ ಸುಖವೇ ಬೇರೆ. ಕಿಟಕಿಯಿಂದ ಕೊಳಗಳ ಹಬೆ ಕಾಣುತ್ತಿತ್ತು, ಮಕ್ಕಳ ಕಿರುಚಾಟ ಕೇಳುತ್ತಿತ್ತು, ಎದುರಿನ ಅಂಗಡಿಯವನು ಬಾಗಿಲ ಗೂಟಕ್ಕೆ ಬೆಲ್ಲದ ಮಿಠಾಯಿ ಎಳೆದೆಳೆದು ಹೊಡೆಯುತ್ತಿದ್ದ.

ಅವಳು ಪರೀಕ್ಷೆ ಓಡಿಸಿದಳು. ಎಲ್ಲ ಹಸಿರು. ಆದರೆ ಆರು ಮತ್ತು ಏಳನೇ ಠಾಣೆಗಳ ಹೊಳೆಗಳು ಬೆಳಗಿಗಿಂತ ಏರಿದ್ದವು, ಅಪಾಯದ ಗೆರೆಗೆ ದೂರವಿದ್ದರೂ. ಮೇಲೆ ಮಳೆ ಜೋರಿದೆ ಎಂದಾಯಿತು. ಎಂಟು ಮಾತ್ರ ಹಸಿರಾಗಿ, ಹಾಯಾಗಿ, ಬೆಳಗಿನಂತೆಯೇ ಕೂತಿತ್ತು. ಅಪ್ಪನ ದನಿ ಒಮ್ಮೆ ಕೇಳೋಣ ಅನ್ನಿಸಿ ರೇಡಿಯೋದಲ್ಲಿ ಎಂಟನ್ನು ಕರೆದಳು.

"ಎಂಟು. ಹೊಸದೇನಿಲ್ಲ."

ಕೆಮ್ಮಿರಲಿಲ್ಲ.

ಬೇರೆ ದಿನವಾಗಿದ್ದರೆ ಬಿಟ್ಟುಬಿಡುತ್ತಿದ್ದಳು. ಅಂದು ಬಿಡಲಾಗಲಿಲ್ಲ. ಪಾತ್ರಿಸಿಯೊ ಹೇಳಿಕೊಟ್ಟದ್ದು ತಾನಾಗಿಯೇ ಬಾಯಿಗೆ ಬಂತು. "ಎಂಟು, ಕರುಗೆ ಏನು ಹೆಸರಿಟ್ರಿ?"

ರೇಡಿಯೋ ಗೊರಗೊರ ಎಂದಿತು. ಆಮೇಲೆ ಕ್ಲೇವರ್ ತನ್ನ ಸ್ವಂತ ದನಿಯಲ್ಲಿ ಮಾತಾಡಿದ. ನಾನೇ ಕಣಮ್ಮ, ಎಂದ. ಬಾಣಂತಿ ಹಸು ಬಿಟ್ಟು ಬರೋಕಾಗಲ್ಲ, ಯಾರಾದ್ರೂ ಕರೆದ್ರೆ ನೋಡ್ಕೋ ಅಂತ ನಿಮ್ಮಪ್ಪ ಬೆಳಿಗ್ಗೆಯೇ ಹೇಳಿದ್ದ. ಆಮೇಲೆ ನಾನೂ ಅವನ ದನಿ ಕೇಳಿಲ್ಲ. ಅಪ್ಪನ ಗುಡಿಸಲು ಅಲ್ಲಿಂದ ಕಾಣುತ್ತಲ್ಲ ಎಂದು ಅವಳು ಕೇಳಿದಳು. ಮಂಜಿನಲ್ಲಿ ನನ್ನ ಕೈಯೇ ನನಗೆ ಕಾಣುತ್ತಿಲ್ಲ ಎಂದ. ಹೊಳೆ ಸದ್ದು ಯಾಕೋ ಸರಿಯಿಲ್ಲ, ಬಂಡೆ ಉರುಳಿದ ಹಾಗೆ ಕೇಳುತ್ತಿದೆ ಎಂದೂ ಸೇರಿಸಿದ.

ನಾರ್ಸಿಸಾ ಪರದೆಯತ್ತ ತಿರುಗಿದಳು. ಧೈರ್ಯ ತಂದುಕೊಂಡಳು. ಯಂತ್ರ ಇದೆಯಲ್ಲ, ಅದಕ್ಕೆ ಹಸುವೂ ಇಲ್ಲ, ಆಟವೂ ಇಲ್ಲ. ಅದು ಸುಳ್ಳು ಹೇಳದು. ಪರದೆಗೆ ಹತ್ತಿರ ಬಾಗಿ ಎಂಟರ ಉತ್ತರವನ್ನು ಓದಿದಳು. ಇನ್ನೂರು, ಎಲ್ಲ ಸರಿ. ಹೊಳೆಯ ಮಟ್ಟ ನಲವತ್ತೇಳು ಸೆಂಟಿಮೀಟರ್. ಬೆಳಿಗ್ಗೆಯೂ ನಲವತ್ತೇಳೇ ಇತ್ತು. ನಿನ್ನೆಯೂ. ಮೊನ್ನೆಯೂ. ಹೊಳೆ ಅನ್ನುವುದು ಒಂದೇ ಮಟ್ಟದಲ್ಲಿ ಅಷ್ಟು ದಿನ ನಿಲ್ಲುತ್ತದೆಯೇ? ನಲವತ್ತೇಳು ಯಾರ ಬಾಯಿಂದ ಬಂದ ಸಂಖ್ಯೆ ಎಂದು ಆಗ ಅವಳಿಗೆ ಹೊಳೆಯಿತು. ನಲವತ್ತೇಳು ಅವಳ ವಯಸ್ಸು. ಯಾವುದೋ ಒಂದು ಬರೆಯಿರಿ ಎಂದಾಗ ಅವಳು ಬರೆದದ್ದು ಅದನ್ನೇ.

ಆದರೂ ಖಾತ್ರಿ ಬೇಕಿತ್ತು. ಭಯದಲ್ಲೂ ಒಂದು ಆಸೆ ಇರುತ್ತದೆ, ತಾನೇ ತಪ್ಪಾಗಿರಲಿ ಎಂಬುದು. ಮಟ್ಟವನ್ನು ಬಿಟ್ಟು, ಬ್ಯಾಟರಿ ಎಷ್ಟಿದೆ ಎಂದು ಎಂಟನ್ನು ಕೇಳಿದಳು. ಇನ್ನೂರು, ಎಲ್ಲ ಸರಿ, ಹೊಳೆಯ ಮಟ್ಟ ನಲವತ್ತೇಳು ಎಂದಿತು. ಗಂಟೆ ಎಷ್ಟು ಎಂದು ಕೇಳಿದಳು. ಹೊಳೆಯ ಮಟ್ಟ ನಲವತ್ತೇಳು ಎಂದಿತು. ನೀನು ಯಾರು ಎಂದು ಕೇಳಿದ್ದರೂ ಅದನ್ನೇ ಹೇಳುತ್ತಿತ್ತು. ಅತ್ತ ರೇಡಿಯೋದಲ್ಲಿ ಅಪ್ಪನ ಜಾಗದಲ್ಲಿ ಕ್ಲೇವರ್, ಇತ್ತ ಪರದೆಯ ಮೇಲೆ ಹೊಳೆಯ ಜಾಗದಲ್ಲಿ ತಾನು. ಬೆಳಿಗ್ಗೆ ಅಪ್ಪ ಫೋನ್ ಇಟ್ಟ ಮೇಲೆ ಆ ಕಣಿವೆಯಿಂದ ಒಂದೇ ಒಂದು ನಿಜವಾದ ಮಾತು ಕೆಳಗೆ ಬಂದಿರಲಿಲ್ಲ.

ಅಸಲಿ ಯಂತ್ರದ ವಿಳಾಸ ಹುಡುಕಿ ಹಾಕುವಾಗ ಬೆರಳು ಎರಡು ಸಲ ತಪ್ಪಿತು. ಕಳಿಸಿದಳು. ಪರದೆಯಲ್ಲಿ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಆಮೇಲೆ ಉತ್ತರ ಬಂತು: ಇನ್ನೂರು, ಎಲ್ಲ ಸರಿ, ಹೊಳೆಯ ಮಟ್ಟ ಮುನ್ನೂರ ಹತ್ತು. ಅವಳು ಬರೆದ ಪರೀಕ್ಷೆ ಮೊದಲ ಬಾರಿಗೆ ಕೆಂಪಾಯಿತು. ಮತ್ತೆ ಕಳಿಸಿದಳು. ಮುನ್ನೂರ ಎಂಬತ್ತು. ಮತ್ತೆ ಕಳಿಸಿದಳು. ಈ ಸಲ ಚಕ್ರ ತಿರುಗಿ ತಿರುಗಿ ನಿಂತು, ಉತ್ತರವಿಲ್ಲ ಎಂಬ ಒಂದು ಸಾಲು ಬಂತು. ನಾನೂರ ನಾಲ್ಕೂ ಅಲ್ಲ, ಐನೂರೂ ಅಲ್ಲ. ಉತ್ತರ ಕೊಡಲು ಅಲ್ಲಿ ಯಾವುದೂ ಉಳಿದಿರಲಿಲ್ಲ.

ಪಾತ್ರಿಸಿಯೊಗೆ ಫೋನ್ ಮಾಡಿದಳು. ವಿಷಯ ಕೇಳಿ ಅವನ ದನಿ ಕುಗ್ಗಿತು. ಆ ಯಂತ್ರವನ್ನು ನಾವು ಒಂದು ಸಲವೂ ಪರೀಕ್ಷಿಸಿಲ್ಲ ಅಕ್ಕ, ಎಂದ. ಕೊಂಬೆ ಬಡಿದಿರಬಹುದು, ನೆಟ್ಟದ್ದೇ ಸೊಟ್ಟಗಿರಬಹುದು, ಏನು ಬೇಕಾದರೂ ಒದರುತ್ತಿರಬಹುದು. ಅದೊಂದನ್ನೇ ನಂಬಿ ಅಷ್ಟು ಜನರನ್ನು ಓಡಿಸಿದರೆ ಮತ್ತೆ ಯಾರಾದರೂ ಕಾಲಡಿಗೆ ಬಿದ್ದಾರು.

"ರೇಡಿಯೋದಲ್ಲಿ ನಿಮ್ಮಪ್ಪ ಹೇಳಿದ್ರಾ?" ಎಂದು ಕೇಳಿದ.

ಕಿಟಕಿಯಾಚೆ ಮಕ್ಕಳು ಕಿರುಚುತ್ತಿದ್ದರು.

"ಹೇಳಿದ್ರು."

"ಅವರೇನಾ? ಖಂಡಿತ ಅವರೇನಾ ಅಕ್ಕ?"

"ಅವರೇ. ಕೆಮ್ಮಿ ಹೇಳಿದ್ರು," ಎಂದಳು ನಾರ್ಸಿಸಾ. ಫೋನ್ ಇಟ್ಟು ಸೈರನ್ ಒತ್ತಿದಳು.

ಆಮೇಲಿನದನ್ನು ಊರಿನವರು ಇಂದಿಗೂ ಮೈ ಜುಮ್ಮೆನ್ನುವಂತೆ ಹೇಳುತ್ತಾರೆ. ಒದ್ದೆ ಮೈಯಲ್ಲಿ, ಟವೆಲ್ಲಿನಲ್ಲಿ, ಇನ್ನೊಬ್ಬರ ಮಕ್ಕಳನ್ನು ಕಂಕುಳಲ್ಲಿ ಅವುಚಿಕೊಂಡು ಜನ ಚರ್ಚಿನ ದಿಬ್ಬ ಹತ್ತಿದರು. ಮಿಠಾಯಿಯವನು ಗೂಟದ ಮೇಲಿದ್ದ ಮಿಠಾಯಿಯನ್ನು ಹಾಗೇ ಬಿಟ್ಟು ಓಡಿದ. ಕೊನೆಯವರು ದಿಬ್ಬ ಮುಟ್ಟುವಷ್ಟರಲ್ಲಿ ನೆಲ ಅದುರತೊಡಗಿತು. ಚೊಂತಾ ಕಣಿವೆಯ ಬಾಯಿಂದ ಕೆಸರು ಬಂತು, ಮನೆಯೆತ್ತರ, ಬೂದು ಬಣ್ಣ, ಬಂಡೆಗಳನ್ನು ತಲೆಯ ಮೇಲೆ ಹೊತ್ತುಕೊಂಡು. ಕೊಳಗಳು, ಬಟ್ಟೆ ಬದಲಿಸುವ ಕೋಣೆಗಳು, ಸೇತುವೆ, ಎಲ್ಲ ಅದರಡಿ ಹೋದವು. ಜನ ಒಬ್ಬರೂ ಹೋಗಲಿಲ್ಲ. ನಾರ್ಸಿಸಾಳ ಹೆಸರು ಹಿಡಿದು ಯಾರೋ ದೇವರಿಗೆ ವಂದಿಸುತ್ತಿದ್ದರು. ಅವಳು ಕಚೇರಿ ಬಿಟ್ಟು ಕದಲಿರಲಿಲ್ಲ. ಎಂಟು, ಎಂಟು ಎಂದು ರೇಡಿಯೋದಲ್ಲಿ ಕರೆಯುತ್ತಲೇ ಇದ್ದಳು. ಆ ಒಂದು ಸಾಲನ್ನು ನಿನ್ನೆ ಬದಲಿಸಿದ್ದರೆ, ಬೆಳಿಗ್ಗೆ ಬದಲಿಸಿದ್ದರೆ, ಹೊಳೆ ಏರುತ್ತಿರುವುದು ಅಪ್ಪ ದನದ ಹಟ್ಟಿಯಲ್ಲಿ ಇರುವಾಗಲೇ ತನಗೆ ಗೊತ್ತಾಗುತ್ತಿತ್ತು. ಏಳಿ, ಮೇಲಕ್ಕೆ ಓಡಿ ಎನ್ನಲು ಸಮಯವಿರುತ್ತಿತ್ತು. ಈ ಲೆಕ್ಕ ಅವಳ ತಲೆಯಿಂದ ಇಳಿಯಲೇ ಇಲ್ಲ.

ಐದಕ್ಕೆ ಸ್ವಲ್ಪ ಮೊದಲು ಮಂಜು ಸರಿಯಿತು. ಕ್ಲೇವರ್ ರೇಡಿಯೋಗೆ ಬಂದ. ಕಣಿವೆ ಕಾಣುತ್ತಿದೆ ಎಂದ. ಸಿಗ್ನಲ್ ಸಿಗುವ ಬಂಡೆ ಕಾಣುತ್ತಿದೆ ಎಂದ. ಗುಡಿಸಲು ಎಂದು ಅವಳು ಕೇಳಿದಳು. ಬರೀ ಕೆಸರು ಕಣಮ್ಮ ಎಂದ.

ಐದಾಯಿತು. ಹಾಜರಿ ಕರೆಯಲೇಬೇಕು, ಇಪ್ಪತ್ತು ವರ್ಷಗಳಲ್ಲಿ ಒಂದು ಸಂಜೆಯೂ ತಪ್ಪಿಸಿರಲಿಲ್ಲ. ಒಂದು, ಎಂದಳು. ಒಂದು ಉತ್ತರಿಸಿತು. ಎರಡು, ಮೂರು, ನಾಲ್ಕು ಉತ್ತರಿಸಿದವು. ಐದು ಎಂದಾಗ ಕ್ಲೇವರ್ ಬರೀ "ಐದು" ಎಂದ, ಮುಂದಿನದನ್ನು ಹೇಳಲಿಲ್ಲ. ಆರು, ಏಳು.

"ಎಂಟು?"

ಬರೀ ಗೊರಗೊರ. ಗುಡ್ಡದ ಮೇಲಿನವರೆಲ್ಲ ಉಸಿರು ಬಿಗಿಹಿಡಿದು ಕೇಳುತ್ತಿದ್ದಾರೆಂದು ಅವಳಿಗೆ ಗೊತ್ತಾಗುತ್ತಿತ್ತು.

"ಎಂಟು?" ಎಂದಳು ಮತ್ತೆ.

ರೇಡಿಯೋ ಚಟಕ್ಕೆಂದಿತು. ಒಂದು ಕೆಮ್ಮು ಕೇಳಿತು. ಗಂಟಲು ಸರಿಮಾಡಿಕೊಳ್ಳುವ ಸಣ್ಣ ಕೆಮ್ಮು. ಆಮೇಲೆ ಎಳೆದ ಮಾತು.

"ಎಂಟು. ಹೊಸದೇನಿಲ್ಲ."

ನಾರ್ಸಿಸಾ ಕಣ್ಣು ಮುಚ್ಚಿದಳು. ಅಷ್ಟು ವರ್ಷ ಆ ಕೆಮ್ಮನ್ನು ಗೆಳೆಯನಿಗೆಂದೇ ಉಳಿಸಿದ್ದ ಕ್ಲೇವರ್ ಇವತ್ತು ಅದನ್ನೂ ಎರವಲು ತೆಗೆದುಕೊಂಡಿದ್ದ, ಅವಳಿಗೋಸ್ಕರ. ಅವಳ ಕಿವಿಗೆ ಅದು ತಿಳಿಯದೇ? ಕೊನೆಯ ಅಕ್ಷರದಲ್ಲಿ ದನಿ ಒಡೆದಿತ್ತು. ಕೇಳಿಯೇ ಖಾತ್ರಿ ಮಾಡಿಕೊಳ್ಳಬೇಕೆಂದಿದ್ದರೆ ಒಂದು ಪ್ರಶ್ನೆ ಸಾಕಿತ್ತು. ಕರುವಿನ ಹೆಸರು ಈ ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಪ್ರಶ್ನೆ ನಾಲಗೆಯ ತುದಿಯಲ್ಲೇ ಇತ್ತು. ಬೆರಳು ಗುಂಡಿಯ ಮೇಲಿತ್ತು.

ಅವಳು ಕೇಳಲಿಲ್ಲ.

"ಎಂಟು, ಕೇಳಿಸ್ತು," ಎಂದಳು. ರೇಡಿಯೋ ಆರಿಸದೆ ಹಾಗೇ ಕೂತಳು.